ಕಿಡಿಯಣ್ಣ ಮೂರು ವರ್ಷ ಕಂಬಿ ಎಣಿಸಿದ್ದು

ಬಿಸಿ ಕಾಫಿ ಆರುವ ತನಕ ಕಾಯಲಾರದೆ ದಿನಕ್ಕೆರಡು ಸಲ ನಾಲಿಗೆ ಸುಟ್ಟುಕೊಂಡು, ಆ ಸಿಟ್ಟನ್ನು ಕಾಫಿ ಮಾಡಿಕೊಟ್ಟವಳ ಮೇಲೆ ತೀರಿಸಿಕೊಳ್ಳುವ ಮನುಷ್ಯನಿಗೆ, ಮೂರು ವರ್ಷ ಕಾದು ತಿನ್ನಬೇಕಾದ ತರಕಾರಿಯನ್ನು ಬೆಳೆಯುವ ದುರ್ಬುದ್ಧಿ ಯಾಕೆ ಬಂತು ಎಂದು ಕೇಳಿದರೆ, ತಪ್ಪೆಲ್ಲ ಷಡ್ಡಕನದು. (ಹೆಂಡತಿಯ ತಂಗಿಯ ಗಂಡ ಎಂಬ ಪ್ರಾಣಿಯನ್ನು ಯಾತಕ್ಕಾಗಿ ಸೃಷ್ಟಿಸಲಾಯಿತು ಎಂಬುದಕ್ಕೆ ಇದುವರೆಗೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಹೆಂಡತಿಗೆ ಹೋಲಿಸಿ ತೋರಿಸಲು ಒಂದು ಮಾದರಿ ಬೇಕಿತ್ತು, ಅದಕ್ಕೇ ಇರಬೇಕು.)

ನಮ್ಮ ಈ ಮನುಷ್ಯನಿಗೆ ಎಲ್ಲರೂ ಇಟ್ಟ ಹೆಸರು ಕಿಡಿಯಣ್ಣ. ಗೇಟು, ಗ್ರಿಲ್ಲು, ಕಿಟಕಿ ಸರಳು ಮಾಡಿಕೊಡುವ ವೆಲ್ಡಿಂಗ್ ಅಂಗಡಿಯವನು. ಅಂಗಡಿಯಲ್ಲಿ ಹಾರುವ ಕಿಡಿಯಿಂದ ಆ ಹೆಸರು ಬಂತು ಎಂದು ಅವನ ನಂಬಿಕೆ. ಬೀದಿಯವರ ನಂಬಿಕೆ ಬೇರೆ. ಕೋಪ ಅವನ ಮೂಗಿನ ತುದಿಯಲ್ಲಿರುತ್ತದೆ ಅನ್ನುವುದು ತಪ್ಪು. ಮೂಗಿಗಿಂತ ಒಂದು ಮಾರು ಮುಂದೆಯೇ ನಡೆಯುತ್ತಿತ್ತು. ಮೊದಲು ಕೋಪ ಹೊಸಲು ದಾಟುತ್ತಿತ್ತು, ಆಮೇಲೆ ಅವನು ದಾಟುತ್ತಿದ್ದ. ಬೈದ ಐದು ನಿಮಿಷಕ್ಕೆ, ಬೈಸಿಕೊಂಡವನ ಹೆಗಲ ಮೇಲೆ ಕೈ ಹಾಕಿ ಕರೆದೊಯ್ದು ಟೀ ಕುಡಿಸುತ್ತಿದ್ದ ಅನ್ನುವುದೂ ನಿಜ. ಆದರೆ ಬೈಗುಳ ನಾಲ್ಕು ಬೀದಿಗೆ ಕೇಳುತ್ತದೆ, ಟೀ ಕುಡಿದದ್ದು ಯಾರಿಗೆ ಕೇಳುತ್ತದೆ?

ಷಡ್ಡಕ ಹಲ್ಲಿನ ಡಾಕ್ಟರು. ಮಾತು ಮೆಲ್ಲಗೆ, ನಡಿಗೆ ಮೆಲ್ಲಗೆ, ನಗು ಮಾತ್ರ ಅಗಲ. ಇಕ್ಕಳ ಹಾಕಿ ಹಲ್ಲು ಕೀಳುವಾಗಲೂ "ಏನಿಲ್ಲ, ಏನಿಲ್ಲ, ಆಗೇ ಹೋಯ್ತು" ಎಂದು ಜೋಗುಳ ಹಾಡುವ ಪೈಕಿ. ಒಂದು ಭಾನುವಾರ ಅವರ ಮನೆಯಲ್ಲಿ ಊಟ. ಎಲ್ಲರ ತಟ್ಟೆಗೂ ಹಸಿರು ಬಣ್ಣದ ನಾಲ್ಕು ನಾಲ್ಕು ಕಡ್ಡಿ ಬಂದು ಬಿದ್ದವು. ಮೇಲೆ ಬೆಣ್ಣೆ.

"ಇದೇನ್ರೀ ಡಾಕ್ಟ್ರೇ, ವೆಲ್ಡಿಂಗ್ ರಾಡು ಬೇಯಿಸಿ ಬಡಿಸಿದ್ದೀರಲ್ಲ?" ಅಂದ ಕಿಡಿಯಣ್ಣ.

"ಆಸ್ಪರಾಗಸ್ ಅಂತ ಅಣ್ಣ. ಒಂದು ತಿಂದು ನೋಡಿ."

ಒಂದು ತಿಂದ. ಮಾತು ನಿಂತಿತು. ಎರಡನೆಯದು ತಿಂದ, ಕಣ್ಣು ಮುಚ್ಚಿತು. ಮೂರು ನಾಲ್ಕು ಎಲ್ಲಿ ಹೋದವೋ ಅವನಿಗೇ ಗೊತ್ತಾಗಲಿಲ್ಲ. ಇನ್ನೊಂದು ನಾಲ್ಕು ಹಾಕಿ ಅಂದರೆ, ಮುಗಿಯಿತು ಅಂದಳು ನಾದಿನಿ. ಎಲ್ಲ ಕಡೆ ಸಿಗುವ ವಸ್ತುವಲ್ಲವಂತೆ.

"ಅಷ್ಟೇ ತಾನೆ? ನಮ್ಮ ಹಿತ್ತಲಲ್ಲಿ ನಾನೇ ಬೆಳೀತೀನಿ."

ಡಾಕ್ಟರು ಮೆಲ್ಲಗೆ ನಕ್ಕರು. "ಅಣ್ಣ, ಇದಕ್ಕೆ ಮಣ್ಣು ನೀರಿಗಿಂತ ತಾಳ್ಮೆ ಜಾಸ್ತಿ ಬೇಕು. ಮೊದಲೆರಡು ವರ್ಷ ಬರೀ ನೋಡಬೇಕು, ಕೀಳೋ ಹಾಗಿಲ್ಲ. ಮೂರನೇ ವರ್ಷ ಕೊಯ್ಲು. ನಿಮಗೆ ಬೇಡ ಬಿಡಿ."

"ನನಗೆ ತಾಳ್ಮೆ ಇಲ್ಲ ಅಂತ ಯಾರು ಹೇಳಿದ್ದು?" ಎಂದು ಕಿಡಿಯಣ್ಣ ಮೇಜು ಗುದ್ದಿದ. ಉಪ್ಪಿನ ಕುಡಿಕೆ ಮಗುಚಿ ಮೇಜಿನ ತುಂಬ ಉಪ್ಪಾಯಿತು. ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಷಡ್ಡಕ ನಕ್ಕರೆ ನಗಲಿ, ಅದು ಅವನ ವೃತ್ತಿ. ನಾದಿನಿ ನಕ್ಕರೆ ಗಂಡನಿಗೆ ತಾಳ ಹಾಕಿದಳು ಅನ್ನೋಣ. ಆದರೆ ಕಟ್ಟಿಕೊಂಡ ಹೆಂಡತಿಯೇ ಸೆರಗು ಬಾಯಿಗೆ ಒತ್ತಿಕೊಂಡು, ಹೆಗಲು ಕುಣಿಸಿಕೊಂಡು ನಕ್ಕಳಲ್ಲ, ಅದು ಚುಚ್ಚಿತು. ಕಿಡಿಯಣ್ಣ ಎದ್ದು ನಿಂತ. "ಮೂರನೇ ವರ್ಷ ನಮ್ಮ ಮನೇಲಿ ಊಟ. ನಾನೇ ನೆಟ್ಟದ್ದು, ನಾನೇ ಕಾದದ್ದು, ನಿಮ್ಮ ಕಣ್ಣೆದುರೇ ಕಡಿದು ಬಡಿಸ್ತೀನಿ. ಆವಾಗ ಏನಂತೀರಿ?"

"ಹಾಗೇನಾದ್ರೂ ಆದ್ರೆ ಅಣ್ಣ," ಅಂದರು ಡಾಕ್ಟರು, "ಹತ್ತು ಜನರ ಎದುರಿಗೆ ಎದ್ದು ನಿಂತು, ನಮ್ಮಣ್ಣನಷ್ಟು ತಾಳ್ಮೆ ಇರೋ ಮನುಷ್ಯನ್ನ ನಾನು ನೋಡಿಲ್ಲ ಅಂತ ನಾನೇ ಹೇಳ್ತೀನಿ."

ಆ ಒಂದು ಮಾತು. ಹುಟ್ಟಿದಂದಿನಿಂದ ತಂದೆಯಾಗಲಿ, ಮೇಷ್ಟರಾಗಲಿ, ಗಿರಾಕಿಯಾಗಲಿ ಅವನ ಬಗ್ಗೆ ಹೇಳದೇ ಇದ್ದ ಮಾತು. ಅದನ್ನು ಹತ್ತು ಜನರ ಮುಂದೆ ಕೇಳಿಸಿಕೊಳ್ಳದೆ ಸಾಯುವುದಿಲ್ಲ ಎಂದು ಕಿಡಿಯಣ್ಣ ಅವತ್ತೇ ತೀರ್ಮಾನಿಸಿದ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯದೆ ನರ್ಸರಿಗೆ ಹೋದ. ನರ್ಸರಿಯ ಯಜಮಾನಿ ಬಿಳಿ ಕೂದಲಿನ, ಮಣ್ಣಿನಷ್ಟೇ ನಿಧಾನದ ಹೆಂಗಸು. ತೇವದ ಗೋಣಿಯೊಳಗಿಂದ ಅವಳು ತೆಗೆದುಕೊಟ್ಟದ್ದು ಬೀಜವಲ್ಲ, ಬೇರಿನ ಗೆಡ್ಡೆ. ನಡುವೆ ಒಂದು ಗುಬುಟು, ಸುತ್ತ ಎಂಟು ಹತ್ತು ಉದ್ದುದ್ದ ಕಾಲು. ಸತ್ತ ಜೇಡನ ಹಾಗೆ.

"ಇದನ್ನು ತಿನ್ನಬೇಕಾ?"

"ನೆಡಬೇಕು. ಒಂದಡಿ ಆಳ ಕಾಲುವೆ ತೋಡಿ, ಗೊಬ್ಬರ ಹಾಕಿ, ಮಣ್ಣಿನ ದಿಬ್ಬದ ಮೇಲೆ ಇದನ್ನು ಕಾಲು ಚಾಚಿ ಕೂರಿಸಿ. ಚಿಗುರು ಬಂದ ಹಾಗೆ ಬಂದ ಹಾಗೆ ಸ್ವಲ್ಪ ಸ್ವಲ್ಪ ಮಣ್ಣು ಮುಚ್ಚುತ್ತಾ ಬನ್ನಿ. ಒಂದೇ ಸಲ ಸುರಿಯೋ ಹಾಗಿಲ್ಲ."

"ಒಂದೇ ಸಲ ಸುರಿದ್ರೆ ಏನಾಗತ್ತೆ?"

ಯಜಮಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಮೂಲಂಗಿ ಹಾಕಿ. ತಿಂಗಳಲ್ಲಿ ಬರತ್ತೆ."

ಕಿಡಿಯಣ್ಣ ಹಲ್ಲು ಕಚ್ಚಿಕೊಂಡು ಇಪ್ಪತ್ತು ಗೆಡ್ಡೆ ತಂದ.

ಹಿತ್ತಲಲ್ಲಿ ಅಗೆತ ಶುರುವಾಯಿತು. ಅದುವರೆಗೆ ಯಾರಿಗೂ ಸೊಪ್ಪು ಹಾಕದಿದ್ದ ಮನುಷ್ಯ ಮಂಡಿಯೂರಿ ಕೂತು ಗೆಡ್ಡೆಗೆ ಗೊಬ್ಬರ ಹಾಕುವುದನ್ನು ನೋಡಲು ಅವನ ತಾಯಿ ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡಳು. ಮುದುಕಿಗೆ ಕಿವಿ ಅರ್ಧ ಕೇಳಿಸುತ್ತಿತ್ತು, ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದಳು.

"ಏನೋ ಅದರ ಹೆಸರು?"

"ಆಸ್ಪರಾಗಸ್, ಅಮ್ಮ."

"ಆಸ್ಪತ್ರೆ ಕಸನಾ? ಅದನ್ಯಾಕೋ ಮನೆಗೆ ತಂದೆ?"

ಆ ಹೆಸರು ಇಟ್ಟವನ ನಾಲಿಗೆಗೆ ಮೂಳೆ ಇತ್ತೋ ಏನೋ. ಕಿಡಿಯಣ್ಣ ಅವತ್ತೇ ಅದಕ್ಕೆ ತನ್ನ ಕಸುಬಿನ ಹೆಸರಿಟ್ಟ. ನೆಟ್ಟಗೆ ಕಬ್ಬಿಣದ ಕಂಬಿಯ ಹಾಗೆ ಮಣ್ಣಿನಿಂದ ಮೇಲೆದ್ದು ನಿಲ್ಲುತ್ತದಲ್ಲ, ಅದಕ್ಕೆ ಕಂಬಿ. ಮನೆಯವರೆಲ್ಲರಿಗೂ ಅದೇ ಬಾಯಿಗೆ ಬಂತು. ಕಂಬಿಗೆ ನೀರು ಹಾಕಿದಿರಾ, ಕಂಬಿ ಹತ್ತಿರ ಕಸ ಕಿತ್ತಿರಾ, ಎಂದು. ಪಾತಿಯ ಸುತ್ತ ಅವನು ಎದೆಯೆತ್ತರದ ಕಬ್ಬಿಣದ ಬೇಲಿಯನ್ನೂ ಕೂರಿಸಿದ, ಅದಕ್ಕೊಂದು ಗೇಟು, ಗೇಟಿಗೆ ಬೀಗ. ನಾಯಿ ಬೆಕ್ಕಿಗೆ ಹೆದರಿ ಅಲ್ಲ. ತನ್ನ ಕೈಗೆ ಹೆದರಿ. ಬೀಗದ ಕೈಯನ್ನು ಹೆಂಡತಿಗೆ ಒಪ್ಪಿಸಿ, "ನಾನು ಎಷ್ಟು ಕಿರುಚಿದ್ರೂ ಕೊಡಬೇಡ" ಅಂದ.

"ಇಷ್ಟು ವರ್ಷದಲ್ಲಿ ನೀವು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ ಮಾತು ಇದೇ," ಅಂದಳು ಅವಳು.

ಮೊದಲನೇ ವರ್ಷ ಬಂದದ್ದು ಬೈಂಡಿಂಗ್ ವೈರಿನಷ್ಟು ಸಪೂರ. ಕಿಡಿಯಣ್ಣ ಅಂಗಡಿಯ ವರ್ನಿಯರ್ ತಂದು ಬೇಲಿಯ ಸಂದಿಯಲ್ಲಿ ಕೈ ತೂರಿಸಿ ದಪ್ಪ ಅಳೆದ. ಒಂದೂವರೆ ಎಂ.ಎಂ. ಎರಡೇ ವಾರದಲ್ಲಿ ಅವು ಎಳೆ ಎಳೆಯಾಗಿ ಬಿರಿದು ನವಿಲುಗರಿಯ ಪೊದೆಯಾದವು. ನೋಡಲು ಚೆಂದ, ತಿನ್ನಲು ಹುಲ್ಲು. "ಬೆಳೆಯೋದಕ್ಕೆ ಇನ್ನೇನು ಬೇಕು ನಿಮಗೆ? ಅರ್ಜಿ ಬರ್ಕೊಡಬೇಕಾ?" ಎಂದು ದಿನಾ ಬೆಳಿಗ್ಗೆ ಅವಕ್ಕೆ ಮಂಗಳಾರತಿ. ಚಳಿ ಬಂದಾಗ ಪೊದೆಯೆಲ್ಲ ಹಳದಿಯಾಗಿ ಒಣಗಿ ಬಿತ್ತು. ಒಣಕಲು ಕಡ್ಡಿಯ ಒಂದು ಹಿಡಿಯನ್ನು ಸಾಕ್ಷಿಗೆ ಎತ್ತಿಕೊಂಡು ಕಿಡಿಯಣ್ಣ ನರ್ಸರಿಗೆ ಜಗಳಕ್ಕೆ ಹೋದ.

"ಸತ್ತಿಲ್ಲ," ಅಂದಳು ಯಜಮಾನಿ. "ಮಲಗಿದೆ."

"ಎಷ್ಟು ಹೊತ್ತಿಗೆ ಏಳತ್ತೆ?"

"ಮೂರು ತಿಂಗಳಾಗತ್ತೆ."

"ನಾನು ಭಾನುವಾರ ಎಂಟು ಗಂಟೆವರೆಗೆ ಮಲಗಿದ್ರೆ ನನ್ನ ಹೆಂಡತಿ ಹೊದಿಕೆ ಕಿತ್ಕೋತಾಳೆ," ಎಂದು ಗೊಣಗಿ ವಾಪಸಾದ.

ಎರಡನೇ ವರ್ಷ ಆರು ಎಂ.ಎಂ. ಈ ವರ್ಷ ನಿಜವಾದ ಪರೀಕ್ಷೆ. ಪೆನ್ಸಿಲ್ಲಿನಷ್ಟು ದಪ್ಪ, ಮಿರಿಮಿರಿ ಹಸಿರು, ತುದಿಯಲ್ಲಿ ನೇರಳೆ ಬಣ್ಣ. ಕಂಡರೆ ಬಾಯಲ್ಲಿ ನೀರು. ಒಂದು ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಬಂದರೆ, ಗಂಡ ಬೇಲಿಯ ಸಂದಿಯಲ್ಲಿ ತಲೆ ತೂರಿಸಿಕೊಂಡು ಬೋರಲು ಬಿದ್ದಿದ್ದಾನೆ. ಮೂಗಿನಿಂದ ಎರಡೇ ಬೆರಳು ದೂರದಲ್ಲಿ ಒಂದು ಕಂಬಿ.

"ಏನು ಮಾಡ್ತಿದ್ದೀರಿ?"

"ಮೂಸ್ತಾ ಇದ್ದೆ."

"ಬಾಯಿ ತೆರೆದುಕೊಂಡು ಮೂಸ್ತಾರಾ?"

ಬಾಯಿ ಮುಚ್ಚಿತು. ತಲೆ ಹೊರಗೆ ಬರಲಿಲ್ಲ. ತಾನೇ ಅಳತೆ ಮಾಡಿ ಕೂರಿಸಿದ ಸರಳು; ಕಿವಿ ಒಳಗೆ ಹೋಗುವಾಗ ಮಡಿಚಿಕೊಂಡದ್ದು ಬರುವಾಗ ಅಡ್ಡ ನಿಂತಿತು. ಅರ್ಧ ಬಕೆಟ್ ಸಾಬೂನು ನೀರು ಖರ್ಚಾಯಿತು. ಆದರೆ ಕಂಬಿ ಮುಟ್ಟಲಿಲ್ಲ, ಅದು ಮುಖ್ಯ.

ಅಂತೂ ಮೂರನೇ ವರ್ಷ ಬಂತು. ಹನ್ನೆರಡು ಎಂ.ಎಂ. ಕೆಲವು ಹದಿನಾಲ್ಕು. ಬುಧವಾರ ಮಣ್ಣು ಸೀಳಿ ತಲೆ ಹಾಕಿದವು ಶನಿವಾರಕ್ಕೆಲ್ಲ ಗೇಣುದ್ದ ನಿಂತವು, ಮೆರವಣಿಗೆಗೆ ಸಾಲು ಕಟ್ಟಿದ ಸಿಪಾಯಿಗಳ ಹಾಗೆ. ಕಿಡಿಯಣ್ಣ ಡಾಕ್ಟರಿಗೆ ಫೋನು ಮಾಡಿ, "ಭಾನುವಾರ ಹನ್ನೊಂದಕ್ಕೆ ಬನ್ನಿ. ಭಾಷಣ ಸಿದ್ಧ ಮಾಡ್ಕೊಂಡು ಬನ್ನಿ" ಅಂದ. ನಾದಿನಿ ಬೇರೆ ಊರಿಗೆ ಹೋಗಿದ್ದಳು. ಡಾಕ್ಟರು ಒಬ್ಬರೇ ಬರುತ್ತೇನೆ, ಬರುವಾಗ ಬೆಣ್ಣೆ ತರುತ್ತೇನೆ ಅಂದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಕಿಡಿಯಣ್ಣ ಹೆಂಡತಿಯಿಂದ ಗೇಟಿನ ಬೀಗ ತೆಗೆಸಿಕೊಂಡು ಪಾತಿಯ ಪಕ್ಕ ಮಣೆ ಹಾಕಿಕೊಂಡು ಕೂತ. ಒಂದು ಸಾಲು ಎಣಿಸುತ್ತಾನೆ, ಇನ್ನೊಂದು ಸಾಲು ಎಣಿಸುತ್ತಾನೆ, ಮರೆತು ಮತ್ತೆ ಮೊದಲಿನಿಂದ ಎಣಿಸುತ್ತಾನೆ. ನಲವತ್ತು. ಫೋನನ್ನು ಒಳಗೆ ಕಿಟಕಿಯ ದಂಡೆಯ ಮೇಲೆ ಬಿಟ್ಟಿದ್ದ. ಏಳೂವರೆಗೆ ಅದು ಬಡಿದುಕೊಂಡಿತು. ಹೆಂಡತಿ ಸ್ನಾನದ ಮನೆಯಲ್ಲಿದ್ದಳು. ತಾಯಿ ಎತ್ತಿದಳು.

ಫೋನು ಮಾಡಿದವಳು ಬೀದಿಯ ಮೂಲೆಯ ಹಾಲಿನ ಬೂತಿನವಳು. ಬೂತಿನ ಷಟರು ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಬಂದು ನೋಡಿ ಅನ್ನುವುದಕ್ಕೆ.

"ಅಮ್ಮಾ, ಕಿಡಿಯಣ್ಣ ಇದ್ದಾರಾ?"

"ಅವನೆಲ್ಲಿ ಸಿಗ್ತಾನೆ. ಕಂಬಿ ಎಣಿಸ್ತಾ ಕೂತಿದ್ದಾನೆ."

ಕಂಬಿ ಎಣಿಸುವುದು ಅಂದರೆ ಜಗತ್ತಿಗೆಲ್ಲ ಜೈಲು, ಈ ಒಂದು ಮನೆಗೆ ಮಾತ್ರ ತರಕಾರಿ ಎಂಬುದು ಬೂತಿನವಳಿಗೆ ಹೇಗೆ ಗೊತ್ತಾಗಬೇಕು?

"ಏನಂದ್ರಿ? ಕಂಬಿನಾ?"

"ಹೂಂ, ಕಂಬಿನೇ. ಬೆಳಗಾದ್ರೆ ಅದೇ ಕೆಲಸ ಅವನಿಗೆ."

"ಅಯ್ಯೋ ಶಿವನೇ. ಎಷ್ಟು ದಿನ ಅಂತೆ?"

"ದಿನ ಎಲ್ಲಿ ಬಂತು, ಮೂರು ವರ್ಷ."

"ಏನು ಮಾಡ್ಕೊಂಡ್ರು ಅಮ್ಮಾ ಪಾಪ?"

"ಇನ್ನೇನು, ಸಿಟ್ಟು. ನಮ್ಮ ಸೊಸೆ ತಂಗಿ ಗಂಡ ಇದ್ದಾರಲ್ಲ, ಹಲ್ಲಿನ ಡಾಕ್ಟ್ರು, ಅವರು ಊಟಕ್ಕೆ ಕೂತಾಗ ಏನೋ ಒಂದು ಮಾತು ಅಂದ್ರು. ಅಲ್ಲೇ ಶುರು."

"ಬೇಲು ಸಿಗಲಿಲ್ವಾ?"

"ಬೇಲಿನಾ?" ಅಂದಳು ಮುದುಕಿ ಹೆಮ್ಮೆಯಿಂದ. "ಭರ್ಜರಿ ಬೇಲಿ. ಕಬ್ಬಿಣದ್ದು. ತಾನೇ ಮಾಡ್ಕೊಂಡ. ಬೀಗದ ಕೈ ಸೊಸೆ ಹತ್ರ ಇದೆ."

ದುಃಖದಲ್ಲಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಳು ಬೂತಿನವಳು. ಅವಳ ಕಣ್ಣಲ್ಲಿ ನೀರು. "ಡಾಕ್ಟ್ರು ಈಗ ಹೇಗಿದ್ದಾರಮ್ಮ?"

"ಅವರಿಗೇನು, ಚೆನ್ನಾಗಿದ್ದಾರೆ. ಹನ್ನೊಂದಕ್ಕೆ ಬರ್ತಾರೆ. ಬಂದ ಮೇಲೆ ಅವರ ಕಣ್ಣೆದುರೇ ಕಡೀತೀನಿ ಅಂತ ಕೂತಿದ್ದಾನೆ ಇವನು. ಚಾಕು ಮಸೆದು ಇಟ್ಟಾಯ್ತು. ನೀನೂ ಬಾಮ್ಮ, ನೋಡೋಕೆ ಚೆನ್ನಾಗಿರತ್ತೆ."

ಹಾಲಿನ ಬೂತು ಅಂದರೆ ಬೆಳಗಿನ ಹೊತ್ತು ಇಡೀ ಬಡಾವಣೆ ಒಂದು ಸಲ ಬಂದು ಹೋಗುವ ಜಾಗ. ಅರ್ಧ ಲೀಟರ್ ಕೊಂಡವರಿಗೆ ಅರ್ಧ ಸುದ್ದಿ ಸಿಕ್ಕಿತು, ಒಂದು ಲೀಟರಿನವರಿಗೆ ಪೂರ್ತಿ. ಒಂಬತ್ತು ಗಂಟೆಗೆಲ್ಲ ಕಿಡಿಯಣ್ಣ ಒಳಗೆ ಹೋದದ್ದು ಖಾತ್ರಿಯಾಯಿತು. ಒಂಬತ್ತೂವರೆಗೆ, ಇವತ್ತು ಕಂಬಿ ಮುರಿದು ಹೊರಗೆ ಬಂದು ಷಡ್ಡಕನನ್ನು ಮುಗಿಸುತ್ತಾನೆ ಎಂಬುದೂ ಸೇರಿಕೊಂಡಿತು. ಬೆಣ್ಣೆ ಕೊಳ್ಳಲು ಡಾಕ್ಟರು ಅದೇ ಬೂತಿನ ಮುಂದೆ ಕಾರು ನಿಲ್ಲಿಸಿದಾಗ ಬೂತಿನವಳು ಅವರ ಕೈ ಹಿಡಿದುಕೊಂಡು, "ಡಾಕ್ಟ್ರೇ, ನನ್ನ ದವಡೆ ಹಲ್ಲು ಉಳಿಸಿದ ಪುಣ್ಯಾತ್ಮ ನೀವು. ಆ ಮನೆ ಕಡೆ ತಲೆ ಹಾಕಬೇಡಿ" ಎಂದು ಎಲ್ಲ ಹೇಳಿದಳು. ಡಾಕ್ಟರು ನಂಬಲಿಲ್ಲ. ಆದರೆ ಕಣ್ಣ ಮುಂದೆ ಮಗುಚಿದ ಉಪ್ಪಿನ ಕುಡಿಕೆ ಬಂತು. ಕಾರನ್ನು ಬೀದಿಯ ತುದಿಯಲ್ಲಿ ಮರದ ಕೆಳಗೆ ನಿಲ್ಲಿಸಿ, ಮಡಿಲಲ್ಲಿ ಬೆಣ್ಣೆ ಇಟ್ಟುಕೊಂಡು ಯೋಚಿಸುತ್ತಾ ಕೂತರು.

ಇತ್ತ ಮನೆಗೆ ಜನ ಬರತೊಡಗಿದರು. ಮೊದಲು ಕ್ಷೌರದ ಅಂಗಡಿಯವನು. ಆಮೇಲೆ ಕಂಬಿ, ಪಟ್ಟಿ, ಮೊಳೆ ಮಾರುವ ಕಬ್ಬಿಣದಂಗಡಿಯ ಯಜಮಾನ, ಹೆಂಡತಿಯೊಂದಿಗೆ. ಪಕ್ಕದ ಬೀದಿಯ ಪೋಸ್ಟ್‌ಮ್ಯಾನ್, ಎದುರು ಮನೆಯ ಅಕ್ಕತಂಗಿಯರು, ಕೊನೆಗೆ ಷಟರನ್ನು ಒದ್ದು ಮುಚ್ಚಿ ಬಂದ ಹಾಲಿನ ಬೂತಿನವಳು. ಹದಿನಾಲ್ಕು ಜನ ಮುಂದಿನ ಕೋಣೆಯಲ್ಲಿ ತಲೆ ತಗ್ಗಿಸಿಕೊಂಡು ಕೂತರು. ಜೈಲು ಎಂಬ ಮಾತನ್ನು ಹೆಂಡತಿಯ ಮುಖಕ್ಕೆ ಹೇಳುವುದು ಹೇಗೆ? ಎಲ್ಲರೂ ಸುತ್ತು ಬಳಸಿ ಮಾತಾಡಿದರು.

"ಧೈರ್ಯವಾಗಿರಿ ಅಕ್ಕ," ಅಂದ ಕ್ಷೌರದವನು. "ಮೂರು ವರ್ಷ ಅನ್ನೋದು ಹೀಗೆ ಅನ್ನೋದ್ರಲ್ಲಿ ಕಳೆದುಹೋಗತ್ತೆ."

"ಕಳೆದೇ ಹೋಯ್ತಲ್ಲಪ್ಪ," ಅಂದಳು ಹೆಂಡತಿ. "ಇವತ್ತಿಗೆ ಮುಗೀತು. ಇನ್ನಾದ್ರೂ ಮನುಷ್ಯ ಮನೆಯೊಳಗೆ ಕಾಲಿಡಲಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಕಬ್ಬಿಣದಂಗಡಿಯವನ ಹೆಂಡತಿ ಚೀಲದಿಂದ ಒಂದು ಪೊಟ್ಟಣ ತೆಗೆದು ಮೆಲ್ಲಗೆ ಚಾಚಿದಳು. "ಸೊಳ್ಳೆ ಬತ್ತಿ. ಅಲ್ಲಿ ಸೊಳ್ಳೆ ಜಾಸ್ತಿ ಅಂತಾರೆ. ಅವರಿಗೆ ತಲುಪಿಸಿಬಿಡಿ."

"ಹೌದು ರೀ, ಹಿಂದುಗಡೆ ವಿಪರೀತ ಸೊಳ್ಳೆ," ಎಂದು ಹೆಂಡತಿ ಸಂತೋಷದಿಂದ ತೆಗೆದುಕೊಂಡಳು. ಗಂಡ ತನ್ನ ಪ್ರತಾಪ ತೋರಿಸಲು ಹೇಳದೆ ಕೇಳದೆ ಬೀದಿಗೆ ಬೀದಿಯನ್ನೇ ಊಟಕ್ಕೆ ಕರೆದಿದ್ದಾನೆ ಎಂದು ಅವಳ ಲೆಕ್ಕಾಚಾರ. (ಆಮೇಲೆ ವಿಚಾರಿಸಿಕೊಳ್ಳೋಣ ಎಂದು ನಗುನಗುತ್ತಲೇ ಹಲ್ಲು ಕಡಿದಳು.) ಅಡುಗೆ ಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟಳು.

ಹಿತ್ತಲಲ್ಲಿ ಕಿಡಿಯಣ್ಣನಿಗೆ ಇದೊಂದೂ ಗೊತ್ತಿಲ್ಲ. ಹನ್ನೊಂದು ಹೊಡೆಯಿತು. ಹನ್ನೊಂದೂ ಐದು. ಹನ್ನೊಂದೂ ಹತ್ತು. ಮೂರು ವರ್ಷ ಕಾದವನಿಗೆ ಈ ಹತ್ತು ನಿಮಿಷ ತಡೆಯಲಾಗಲಿಲ್ಲ. ಬರಲಿ, ಕಡಿದದ್ದನ್ನೇ ನೋಡಲಿ ಎಂದು ಚಾಕು ಎತ್ತಿದ. ಒಂದೊಂದನ್ನೂ ಬುಡದ ಹತ್ತಿರ, ಮಗುವಿನ ಉಗುರು ಕತ್ತರಿಸುವಷ್ಟು ಜೋಪಾನವಾಗಿ ಕಡಿದ. ನಲವತ್ತನ್ನೂ ಎಡತೋಳಲ್ಲಿ ಅವುಚಿಕೊಂಡು, ಬಲಗೈಯಲ್ಲಿ ಚಾಕು ಹಿಡಿದು, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ವಿಜಯದ ದನಿಯಲ್ಲಿ ಹೇಳಿದ:

"ಅಷ್ಟೂ ಕಂಬಿ ಕಿತ್ಕೊಂಡು ಬಂದೆ. ಎಲ್ಲಿ ಆ ಡಾಕ್ಟ್ರು?"

ಹದಿನಾಲ್ಕು ಜನ ಒಟ್ಟಿಗೆ ಎದ್ದು ಗೋಡೆಗೆ ಅಂಟಿಕೊಂಡರು. ಪೋಸ್ಟ್‌ಮ್ಯಾನ್ ಮೇಜಿನ ಕೆಳಗೆ ಹೋದ.

"ಅಣ್ಣಾ," ಅಂದಳು ಬೂತಿನವಳು, "ಒಳ್ಳೇ ಮಾತಲ್ಲಿ ವಾಪಸ್ ಹೋಗಿಬಿಡಿ. ತಪ್ಪಿಸ್ಕೊಂಡು ಬಂದ್ರೆ ಇನ್ನೂ ಎರಡು ವರ್ಷ ಸೇರಿಸ್ತಾರಂತೆ."

"ಯಾರು ಸೇರಿಸೋದು? ನನ್ನ ಪಾತಿ, ನನ್ನ ಗೊಬ್ಬರ. ಮೂರು ವರ್ಷ ಅಂದ್ರೆ ಮೂರೇ ವರ್ಷ," ಎಂದು ಗುಡುಗಿದ ಕಿಡಿಯಣ್ಣ.

ಗಂಟು ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಹೆಂಡತಿ ಬಂದಳು, ತಾಯಿಯನ್ನು ಕರೆದರು, ಫೋನಿನಲ್ಲಿ ಆಡಿದ ಮಾತನ್ನು ಮುದುಕಿ ಒಂದಕ್ಷರ ಬಿಡದೆ ಇನ್ನೊಮ್ಮೆ ಹೇಳಿದಳು. ಬೇಲಿಯ ಜಾಗ ಬರುವ ಹೊತ್ತಿಗೆ ಕ್ಷೌರದವನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಲ್ಲರೂ ನಕ್ಕರು. ಕಿಡಿಯಣ್ಣ ಮಾತ್ರ ನಗಲಿಲ್ಲ.

"ಅಲ್ಲ, ನಾನು ಜೈಲಿಗೆ ಹೋದೆ ಅಂದ ತಕ್ಷಣ ಎಲ್ಲರೂ ನಂಬಿಬಿಟ್ರಾ? ಛೆ, ಹಾಗಿರಲಿಕ್ಕಿಲ್ಲ ಅಂತ ಒಬ್ಬರಾದ್ರೂ ಅಂದ್ರಾ?"

ಬೂತಿನವಳು ಮೆಲ್ಲಗೆ, "ಒಬ್ಬರು ಅಂದ್ರು ಅಣ್ಣ" ಅಂದಳು.

"ಯಾರು?"

"ನಮ್ಮ ಪೋಸ್ಟ್‌ಮ್ಯಾನು. 'ಛೆ, ಹಾಗಿರಲಿಕ್ಕಿಲ್ಲ, ಬರೀ ಮೂರೇ ವರ್ಷನಾ?' ಅಂದ್ರು."

ಮೇಜಿನ ಕೆಳಗಿಂದ ಹೊರಗೆ ಬರುತ್ತಿದ್ದ ಪೋಸ್ಟ್‌ಮ್ಯಾನ್ ಅಲ್ಲೇ ನಿಂತ. ಕಿಡಿಯಣ್ಣನ ಕಿವಿ ಕೆಂಪಗಾಯಿತು. ಆದರೆ ಅಷ್ಟರಲ್ಲಿ ಅವನಿಗೆ ಮುಖ್ಯವಾದದ್ದು ನೆನಪಾಯಿತು. "ಡಾಕ್ಟ್ರು ಎಲ್ಲಿ?"

"ನಾನೇ ಹೆದರಿಸಿ ಕಳಿಸಿದೆ," ಅಂದಳು ಬೂತಿನವಳು. "ಬೀದಿ ತುದೀಲಿ ಕಾರಲ್ಲಿ ಕೂತಿದ್ದಾರೆ. ಹೊರಟ್ರೋ ಏನೋ."

ಮೂರು ವರ್ಷದ ತಪಸ್ಸಿಗೆ ಸಿಗಬೇಕಾದ ಒಂದೇ ಒಂದು ಮಾತು, ಕಾರು ಹತ್ತಿ ಹೊರಟುಹೋಗುವುದರಲ್ಲಿತ್ತು. ಕಂಬಿಯ ಕಟ್ಟನ್ನು ಹೆಂಡತಿಯ ಕೈಗೆ ಹಾಕಿ ಕಿಡಿಯಣ್ಣ ಬೀದಿಗೆ ಹಾರಿದ. ಅವಸರದಲ್ಲಿ ಬಲಗೈಯನ್ನು ನೋಡಿಕೊಳ್ಳಲಿಲ್ಲ. ಚಾಕು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ನಿಲ್ರೀ ಡಾಕ್ಟ್ರೇ, ನಿಮಗೋಸ್ಕರಾನೇ ಮೂರು ವರ್ಷ ಕಾದಿದ್ದೀನಿ," ಎಂದು ಕೂಗುತ್ತಾ ಓಡಿಬರುವ ಮನುಷ್ಯನನ್ನು ಕಾರಿನ ಕನ್ನಡಿಯಲ್ಲಿ ಕಂಡಾಗ ಡಾಕ್ಟರಿಗೆ ಹೇಗಾಗಿರಬೇಡ? ಜೀವಮಾನದಲ್ಲಿ ಮೊದಲ ಸಲ ಅವರು ಬೇಗ ಬೇಗ ಏನನ್ನಾದರೂ ಮಾಡಿದರು. ಕೀಲಿ ತಿರುವಿದರು, ಕಾರು ಹೊರಡಲಿಲ್ಲ. ಇಳಿದು ಓಡಿದರು, ಬೆಣ್ಣೆಯ ಸಮೇತ. ಹೀಗೆ ಒಬ್ಬರು ಬೆಣ್ಣೆ ಹಿಡಿದು ಮುಂದೆ, ಒಬ್ಬ ಚಾಕು ಹಿಡಿದು ಹಿಂದೆ, ಬಡಾವಣೆಯನ್ನು ಎರಡು ಸುತ್ತು ಹಾಕಿದರು. ಜನ ಬಾಲ್ಕನಿಗೆ ಬಂದು ನೋಡಿದರು. ಕೊನೆಗೆ ಡಾಕ್ಟರಿಗೆ ಏದುಸಿರು ಬಂದು ಒಂದು ಕಟ್ಟೆಯ ಮೇಲೆ ಕುಸಿದು, ಎರಡೂ ಕೈ ಮೇಲೆತ್ತಿದರು.

"ಅಣ್ಣ, ಏನಿಲ್ಲ, ಏನಿಲ್ಲ," ಅಂದರು ಅಭ್ಯಾಸಬಲದಿಂದ.

"ಕಡಿಯೋದು ನಿಮ್ಮನ್ನಲ್ಲ ರೀ," ಅಂದ ಕಿಡಿಯಣ್ಣ, ತಾನೂ ಪಕ್ಕದಲ್ಲಿ ಕುಸಿಯುತ್ತಾ. "ಕಂಬಿನ. ತರಕಾರಿ ಕಂಬಿನ. ನಡೀರಿ ಊಟಕ್ಕೆ."

ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು, ನಕ್ಕು ನಕ್ಕು, ನಡುನಡುವೆ ನಿಂತು ಉಸಿರೆಳೆದುಕೊಂಡು ಮನೆಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಮುಂದಿನ ಕೋಣೆಯಲ್ಲಿ ಹಬ್ಬದ ಗದ್ದಲ. ಹದಿನಾಲ್ಕು ಜನ ಬೆರಳು ಚೀಪುತ್ತಿದ್ದರು.

"ಎಲ್ಲಿ?" ಅಂದ ಕಿಡಿಯಣ್ಣ.

ಹೆಂಡತಿ ಖಾಲಿ ತಟ್ಟೆಯನ್ನು ಎತ್ತಿ ತೋರಿಸಿದಳು. "ನೀರು ಕುದೀತಿತ್ತು ರೀ, ಹಾಕಿದೆ. ಐದು ನಿಮಿಷಕ್ಕೆ ಬೆಂದೇಬಿಡ್ತು. ಬಂದವರಿಗೆ ಒಂದೊಂದು ರುಚಿ ನೋಡಿ ಅಂತ ತಟ್ಟೆ ಕಳಿಸಿದೆ, ಅಷ್ಟೇ. ಕೋಣೆ ಸುತ್ತಿ ಬರೋ ಹೊತ್ತಿಗೆ ಹೀಗೆ ಬಂತು. ನೀವೇ ಕರೆದಿದ್ದೀರಿ ಅಂತ ಮೊದಲೇ ಸಿಟ್ಟಿತ್ತು, ಇಲ್ಲ, ಪಾಪ ನಿಮ್ಮ ಚಿಂತೆಗೆ ಬಂದವರು ಅಂತ ಗೊತ್ತಾದ ಮೇಲೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ಮೆತ್ತಗಿತ್ತು ಕಣೋ," ಅಂದಳು ತಾಯಿ, ಒಂದೂ ಹಲ್ಲಿಲ್ಲದ ಬಾಯಿ ಅಗಲಿಸಿ. "ನಾನು ಐದು ತಿಂದೆ. ಆಸ್ಪತ್ರೆ ಕಸ ಅನ್ನಬಾರದಿತ್ತು."

ಎಲ್ಲರೂ ಈಗ ಸಿಡಿಯುತ್ತದೆ, ಇಗೋ ಈಗ ಎಂದು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದರು. ಸಿಡಿಯಲಿಲ್ಲ. ಕಿಡಿಯಣ್ಣ ಒಂದು ಮಾತಾಡದೆ ಹಿತ್ತಲಿಗೆ ಹೋಗಿ ಬೋಳು ಪಾತಿಯ ಮುಂದೆ ನಿಂತ. ಹೆಂಡತಿಗೆ ಅದೇ ಹೆಚ್ಚು ಹೆದರಿಕೆಯಾಯಿತು. ಹದಿನಾಲ್ಕೂ ಜನ, ಡಾಕ್ಟರು, ತಾಯಿ, ಎಲ್ಲರೂ ಹಿಂದೆಯೇ ಬಂದರು. ಆಗ ಕಂಡಿತು. ಪಾತಿಯ ಮೂಲೆಯಲ್ಲಿ, ಬೆಳಿಗ್ಗೆ ಎಣಿಸುವಾಗ ಇರದೇ ಇದ್ದ ಒಂದು, ಹೆಬ್ಬೆರಳುದ್ದದ ಕಂಬಿ ಮಣ್ಣು ತಳ್ಳಿಕೊಂಡು ಮೇಲೆ ಬಂದಿತ್ತು. ನಲವತ್ತೊಂದನೆಯದು.

ಕಿಡಿಯಣ್ಣ ಅದನ್ನು ಕಡಿದ. ನಲ್ಲಿಯಲ್ಲಿ ತೊಳೆದ. ಒಂದು ಕ್ಷಣ ತನ್ನ ಬಾಯಿಯ ಹತ್ತಿರ ಒಯ್ದದ್ದನ್ನು ಹೆಂಡತಿ ನೋಡಿದಳು. ಆಮೇಲೆ ಡಾಕ್ಟರ ಮುಂದೆ ಹಿಡಿದ. "ತಗೊಳ್ಳಿ. ಹಸಿಯಾಗೇ ತಿನ್ನಬಹುದಂತೆ. ತಿಂದು, ಅವತ್ತು ಒಪ್ಪಿದ ಮಾತನ್ನು ಇವರೆಲ್ಲರ ಮುಂದೆ ಹೇಳಿ."

ಹೆಂಡತಿಯ ಕಣ್ಣು ಒದ್ದೆಯಾಯಿತು. ಬೂತಿನವಳು ಮೂಗು ಸೀಟಿದಳು. ಡಾಕ್ಟರು ಎದೆ ನೆಟ್ಟಗೆ ಮಾಡಿ ನಿಂತು, ಕಂಬಿಯನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿದರು. ಹಲ್ಲಿನ ಡಾಕ್ಟರು. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು ಎಂದು ರೋಗಿಗಳಿಗೆ ಹೇಳುವುದನ್ನು ತಾವೂ ಪಾಲಿಸುವ ಪ್ರಾಮಾಣಿಕರು. ಎಡದವಡೆಯಲ್ಲಿ ಎಂಟು ಸಲ ಅಗಿದರು. ಬಲಕ್ಕೆ ಹೊರಳಿಸಿದರು. ಅಲ್ಲೊಂದು ಎಂಟು. ತಲೆದೂಗಿದರು. ಹೇಳಲು ಬಂದವರ ಹಾಗೆ ಒಂದು ಬೆರಳು ಎತ್ತಿದರು. ಮತ್ತೆ ಎಡಕ್ಕೆ ಹೊರಳಿಸಿದರು. ಕಿಡಿಯಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಕತ್ತಿನ ನರ ಉಬ್ಬಿತು. ಹೆಂಡತಿ ಮೆಲ್ಲಗೆ ಅವನ ತೋಳು ಮುಟ್ಟಿದಳು. ತಡವಾಗಿತ್ತು.

"ನುಂಗ್ರೀ ಅತ್ಲಾಗೆ," ಎಂದು ಕಿಡಿಯಣ್ಣ ಸಿಡಿದ ಸದ್ದಿಗೆ ಮಾಡಿನ ಮೇಲಿದ್ದ ಕಾಗೆಗಳು ಎದ್ದವು. "ಒಂದು ಮಾತು ಹೇಳೋಕೆ ಎಷ್ಟು ಹೊತ್ತು ಕಾಯಬೇಕು ಮನುಷ್ಯ?"

ಡಾಕ್ಟರು ಬೆಚ್ಚಿಬಿದ್ದು ಗುಳುಂ ಎಂದು ನುಂಗಿಬಿಟ್ಟರು. ನಿಂತಲ್ಲೇ ಕೆಮ್ಮಿ, ಕಣ್ಣೊರೆಸಿಕೊಂಡು, ಹದಿನಾಲ್ಕು ಜನರನ್ನೂ ಒಮ್ಮೆ ನೋಡಿ, ಬಹಳ ಮೆಲ್ಲಗೆ ಹೇಳಿದರು:

"ಹೇಳೋಣ ಅಂತಲೇ ಇದ್ದೆ ಅಣ್ಣ. ಈಗ ಹೇಳಿದ್ರೆ ಇವರು ಯಾರೂ ನಂಬಲ್ಲ."